ನಾಲ್ಕು ಎಲೆ ನಿತ್ಯಪುಷ್ಪ

ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಒಂದು ನಿತ್ಯಪುಷ್ಪದ ಗಿಡ ಇದೆ. ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ಇಲ್ಲಿನವರು ಸದಾಫುಲಿ ಅನ್ನುತ್ತಾರೆ. ಮೊನ್ನೆ ಶಿರಸಿಯಿಂದ ದೊಡ್ಡಮ್ಮ ಫೋನ್ ಮಾಡಿ, "ಅದರ ನಾಲ್ಕು ಎಲೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಅಗಿಯಲಿಕ್ಕೆ ನಿನ್ನ ಭಾವನಿಗೆ ಹೇಳು ಮಾರಾಯ್ತಿ. ಸುಮ್ನೆ ಆ ಕೆಮಿಕಲ್ ಎಲ್ಲ ಯಾಕೆ?" ಅಂದರು.

ಭಾವನಿಗೆ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಹದಿನೈದು ದಿನಕ್ಕೊಮ್ಮೆ ಕೊಡುವ ನಾಲ್ಕು ಔಷಧಿಗಳಲ್ಲಿ ಒಂದರ ಹೆಸರು ವಿನ್‌ಬ್ಲಾಸ್ಟಿನ್. ಅದು ಸಿಕ್ಕಿದ್ದು ಇದೇ ಗಿಡದಲ್ಲಿ! ಮೂತ್ರವನ್ನೂ ಕೆಂಪು ಮಾಡುವ ಡಾಕ್ಸೊರುಬಿಸಿನ್ ಮತ್ತು ಇನ್ನೊಂದು, ಬ್ಲಿಯೋಮೈಸಿನ್, ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದವು. ನಾಲ್ಕರಲ್ಲಿ ಮೂರು ನೈಸರ್ಗಿಕವೇ ಆಯಿತಲ್ಲ.

ಜಮೈಕಾದಲ್ಲಿ ಈ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರಂತೆ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅಲ್ಲಿಂದ ಕ್ಯಾನ್ಸರ್ ಔಷಧಿ ಹುಟ್ಟಿತು. ಆದರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣಗಿದ ಎಲೆ ಬೇಕು. ಭಾವನಿಗೆ ಒಂದು ಸಲಕ್ಕೆ 10 ಮಿಲಿಗ್ರಾಂ. ಅಂದರೆ ಐದು ಕಿಲೋ ಒಣ ಎಲೆಯ ಸತ್ವ, ಅಳೆದು, ನೇರ ರಕ್ತನಾಳಕ್ಕೆ. ದೊಡ್ಡಮ್ಮನ ನಾಲ್ಕು ಎಲೆಯಲ್ಲಿ ಎಷ್ಟಿದೆ ಅಂತ ಹೇಳೋರು ಯಾರು? ಕೀಮೋ ನಡೆಯುವಾಗ ಮೊದಲೇ ಬಿಳಿ ಕಣ ಕುಸಿದಿರುತ್ತದೆ. ಅದರ ಮೇಲೆ ಅಳತೆ ಇಲ್ಲದ ಎಲೆ ಬೇರೆ.

ನಮಗೆ ಈ ಬುದ್ಧಿ ಮೊದಲೇ ಇರಲಿಲ್ಲ. ಕತ್ತಿನ ಗಂಟಿನ ಬಯಾಪ್ಸಿಯಲ್ಲಿ ಹಾಜ್ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಎಂದು ಬಂದಾಗ ಅದು ಎರಡನೇ ಹಂತದಲ್ಲಿತ್ತು. ಕೀಮೋಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್ ಇದು, ಬೇಗ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ. ಭಾವ ಮಾತ್ರ ಹೆದರಿ ಮಲೆನಾಡಿನ ಒಬ್ಬ ನಾಟಿ ವೈದ್ಯರ ಬಳಿ ಹೋದರು. ಮೂರು ತಿಂಗಳು ತೊಗಟೆ ಕಷಾಯ, ಕಟ್ಟುನಿಟ್ಟಿನ ಪಥ್ಯ. ಹನ್ನೊಂದು ಕಿಲೋ ಇಳಿದರು. "ವಿಷ ಹೊರಗೆ ಹೋಗ್ತಾ ಇದೆ" ಅಂದರಂತೆ ವೈದ್ಯರು. ವಾಪಸ್ ಬಂದು ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯೊಳಗೂ ಗಂಟುಗಳಿದ್ದವು. ಮೂರನೇ ಹಂತ.

ಭಾವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆ ವೈದ್ಯರು ಜಗಲಿಯಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದ್ದರು, ಕನ್ನಡದಲ್ಲಿ. ಇಲ್ಲಿ ನಾವು ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕಾದು ಎರಡು ನಿಮಿಷ ಸಿಕ್ಕಿತ್ತು. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ "ಸೈಡ್ ಎಫೆಕ್ಟ್ ಇರುತ್ತೆ, ಸೈನ್ ಮಾಡಿ" ಅಂದಿದ್ದರು. ಹೆದರಿದ ಮನುಷ್ಯ ಯಾವ ಕಡೆ ವಾಲುತ್ತಾನೆ ಹೇಳಿ? ಜನ ಮೂಢರು ಅಂತ ಪೋಸ್ಟ್ ಹಾಕುವ ಡಾಕ್ಟರುಗಳು ಇದನ್ನೂ ಸ್ವಲ್ಪ ಯೋಚಿಸಬೇಕು.

ಹಾಗಂತ ಕಾಯಿಲೆ ಕಾಯುವುದಿಲ್ಲವಲ್ಲ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು, ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡ 281 ಜನರ ದಾಖಲೆ ನೋಡಿದರು. ಗುಣಪಡಿಸಬಹುದಾದ ಹಂತದಲ್ಲೇ ಇದ್ದವರು. ಆಸ್ಪತ್ರೆ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. 2024ರ ನವೆಂಬರ್‌ನಲ್ಲಿ ಬೇವು, ಅರಿಶಿನ, ನಿಂಬೆರಸದಿಂದ ನಾಲ್ಕನೇ ಹಂತದ ಕ್ಯಾನ್ಸರ್ ವಾಸಿ ಎಂಬ ವಿಡಿಯೋ ಓಡಾಡಿದಾಗ, ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯ ಈಗಿನ, ಹಿಂದಿನ 262 ಕ್ಯಾನ್ಸರ್ ತಜ್ಞರು ಅದನ್ನು ನಂಬಬೇಡಿ ಎಂದು ಪತ್ರ ಹೊರಡಿಸಿದರು. ಆ ರೋಗಿಗೆ ಸರ್ಜರಿಯೂ ಆಗಿತ್ತು, ಕೀಮೋವೂ ಆಗಿತ್ತು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದದ್ದು ನಿಂಬೆರಸ ಮಾತ್ರ.

ನಮ್ಮ ಅಡುಗೆಮನೆ ಸುಮ್ಮನೆ ಕೂತಿಲ್ಲ. ಡಾಕ್ಟರನ್ನು ಕೇಳಿಯೇ ಅಕ್ಕ ವಾಕರಿಕೆಗೆ ಶುಂಠಿ ಕಷಾಯ ಕೊಡುತ್ತಾಳೆ. ಬಾಯಿ ಹುಣ್ಣಾದಾಗ ಮೆತ್ತಗಿನ ಅನ್ನ, ಬೇಯಿಸಿದ ಸೋರೆಕಾಯಿ. ಸಂಜೆ ಅವರಿಬ್ಬರೂ ಪ್ರಾಣಾಯಾಮ ಮಾಡುತ್ತಾರೆ. ಪಾರ್ಕ್ ಗೇಟಿನ ಗೋಧಿಹುಲ್ಲಿನ ರಸ ಮಾತ್ರ ಬಂದ್. ಬಿಳಿ ಕಣ ಕಡಿಮೆ ಇದ್ದಾಗ ಹೊರಗಿನ ಹಸಿ ರಸದಿಂದ ಸೋಂಕು ಬಂದರೆ ಕಷ್ಟ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಹೇಳಿದ ಗಿಡವೇ ಅಲ್ವಾ?" ಅಂದರು. ಹೌದು ಅಂದೆ. ಅವರಿಗೆ ಖುಷಿಯಾಯಿತು. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತೇನೆ ಅಂದರು. ಗುರುವಾರ ಒಂಬತ್ತನೇ ಕೀಮೋ ಇದೆ, ಡಾಕ್ಟರನ್ನು ಕೇಳಿ ಹೇಳ್ತೇನೆ ಅಂದಿದ್ದೇನೆ.