ಕೊಸರಿಗೆ ಬಂದವಳು

ಕೊಸರು ಕೇಳುವುದು ನನಗೆ ಅತ್ತೆಯಿಂದ ಬಂದ ವಿದ್ಯೆ. ನಾಲ್ಕು ಕಟ್ಟು ಸೊಪ್ಪು ತಗೊಂಡರೆ ಮೇಲೆ ಎರಡು ಕಡ್ಡಿ ಕರಿಬೇವು ಬರಲೇಬೇಕು. ಹೂವಿನವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡಲೇಬೇಕು. ಬಿಡದಿದ್ದರೆ ಅತ್ತೆ ಜಗಳ ಆಡುವುದಿಲ್ಲ, ಮುಂದಿನ ವಾರ ಪಕ್ಕದವಳ ಹತ್ರ ಹೋಗುತ್ತಾರೆ, ಅಷ್ಟೆ. ಮದುವೆಯಾಗಿ ಹನ್ನೆರಡು ವರ್ಷ ದೇವರಾಜ ಮಾರುಕಟ್ಟೆಯಲ್ಲಿ ಅವರ ಹಿಂದೆ ಚೀಲ ಹಿಡಿದು ತಿರುಗಿದ ಮೇಲೆ ಆ ಮಾತು ನನ್ನ ಬಾಯಿಂದಲೂ ತಾನಾಗಿ ಬರುತ್ತದೆ. ಹಾಗೆ ತಾನಾಗಿ ಬಂದದ್ದರಿಂದಲೇ ಇಷ್ಟೆಲ್ಲ ಆಯಿತು.

ಮಗಳ ಹುಟ್ಟುಹಬ್ಬಕ್ಕೆ ನಾಯಿಮರಿ ಬೇಕು ಅಂತ ಶುರುವಾದ ಚೌಕಾಸಿ ಬೆಕ್ಕು, ಮೊಲ, ಲವ್ ಬರ್ಡ್ಸ್ ಎಲ್ಲ ದಾಟಿ ಮೀನಿಗೆ ಬಂದು ನಿಂತಿತ್ತು. ಒಂದೂವರೆ ಅಡಿ ಉದ್ದದ ಗಾಜಿನ ತೊಟ್ಟಿ. ಎರಡು ಬಕೆಟ್ ನೀರು ಹಿಡಿಯುತ್ತದೆ. ಅದಕ್ಕೆ ನಾಲ್ಕು ಗಪ್ಪಿ. "ಬರೀ ಗಂಡು ಕೊಡಪ್ಪ, ಸಂಸಾರ ಬೇಡ" ಅಂತ ಅಂಗಡಿ ಹುಡುಗನಿಗೆ ಮೊದಲೇ ಹೇಳಿದ್ದೆ. ಗಂಡು ಗಪ್ಪಿಯ ಬಾಲ ನೋಡಬೇಕು, ರೇಷ್ಮೆ ಸೀರೆಯ ಸೆರಗನ್ನು ನೀರಲ್ಲಿ ಬಿಟ್ಟ ಹಾಗೆ. ಅವನು ನಾಲ್ಕನ್ನು ಹಿಡಿದು ಕವರಿಗೆ ಹಾಕಿದ. ಇನ್ನೇನು ರಬ್ಬರ್ ಬ್ಯಾಂಡ್ ಸುತ್ತಬೇಕು, ನಾನು "ಕೊಸರು ಏನೂ ಇಲ್ವಾ?" ಅಂದುಬಿಟ್ಟೆ. ಹುಡುಗ ನಕ್ಕ. ಪಕ್ಕದ ತೊಟ್ಟಿಗೆ ಬಲೆ ಅದ್ದಿ ಬೂದು ಬಣ್ಣದ, ಬಾಲದಲ್ಲಿ ಏನೂ ವಿಶೇಷ ಇಲ್ಲದ ಮೀನೊಂದನ್ನು ಎತ್ತಿ ಒಳಗೆ ಬಿಟ್ಟ. "ಇಟ್ಕೊಳ್ಳಿ ಮೇಡಂ."

ನಾಲ್ಕು ಗಂಡಿಗೂ ಮಗಳು ಕ್ರಿಕೆಟ್ ಆಟಗಾರರ ಹೆಸರಿಟ್ಟಳು. ಐದನೆಯದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಕೊಸರಿಗೆ ಬಂದದ್ದು, ಕೊಸರು ಅಂತಲೇ ಹೆಸರಾಯಿತು.

ಮೊದಲು ಗಮನಿಸಿದ್ದು ಅತ್ತೆ. ಮಧ್ಯಾಹ್ನ ಹೊತ್ತು ಹೋಗದೆ ತೊಟ್ಟಿ ಮುಂದೆ ಕುರ್ಚಿ ಹಾಕಿ ಕೂತವರು ಒಂದು ದಿನ "ಇವಳಿಗೆ ದಿನ ತುಂಬಿದೆ ಕಣೆ" ಅಂದರು. ಜಾಸ್ತಿ ತಿಂದಿರಬೇಕು ಅಂತ ನಾನು ನಕ್ಕೆ. ಅತ್ತೆ ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದವರು. "ತಿಂದ ಹೊಟ್ಟೆ ಬೇರೆ, ಇದು ಬೇರೆ. ಕೆಳಗೆ ಇಳಿದಿದೆ ನೋಡು" ಅಂದರು. ಬಗ್ಗಿ ನೋಡಿದೆ. ಹೊಟ್ಟೆಯ ಹಿಂಭಾಗದಲ್ಲಿ, ಬಾಲದ ಕಡೆಗೆ, ಕಪ್ಪನೆಯ ಮಚ್ಚೆಯೊಂದು ಕಾಣಿಸಿತು. ಬಸುರಿ ಗಪ್ಪಿಯ ಗುರುತೇ ಅದು ಅಂತ ಆಮೇಲೆ ಓದಿದೆ. ಅತ್ತೆ ಓದಿರಲಿಲ್ಲ.

ಮೂರನೇ ದಿನ ಬೆಳಗ್ಗೆ ಹಾಲು ಒಲೆ ಮೇಲಿಟ್ಟು, ಮೀನಿಗೆ ಚಿಟಿಕೆ ಆಹಾರ ಉದುರಿಸಲು ಹೋದೆ. ಹೈಡ್ರಿಲ್ಲಾ ಗಿಡದ ಸಂದಿಯಲ್ಲಿ ಏನೋ ಮಿಸುಕಿತು. ಸೊಳ್ಳೆ ಹುಳ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ನೋಡಿದರೆ ಅದೂ ನನ್ನನ್ನು ನೋಡುತ್ತಿದೆ. ಜೀರಿಗೆ ಕಾಳಿಗಿಂತ ಒಂದು ಕೂದಲಷ್ಟು ಉದ್ದ. ಮೈ ಪೂರ್ತಿ ಗಾಜು, ಹಿಂದಿನ ಎಲೆಯ ಹಸಿರು ಅದರ ಮೈಯೊಳಗೇ ಕಾಣುತ್ತಿತ್ತು. ಕಣ್ಣು ಮಾತ್ರ ಕಾಡಿಗೆಯ ಎರಡು ಚುಕ್ಕೆ. ಮೀನಿನ ಹಾಗೆ ಹರಿದು ಹೋಗುವುದಿಲ್ಲ, ಒಗ್ಗರಣೆಯ ಸಾಸಿವೆ ಥರ ಚಟ್ ಅಂತ ಚಿಮ್ಮಿ ಇನ್ನೊಂದು ಎಲೆಗೆ ಹೋಗಿ ನಿಲ್ಲುತ್ತದೆ.

ಮೀನಿನ ಮರಿಗೆ ಈಜು ಕಲಿಸಬೇಕೆ ಅಂತ ಗಾದೆ ಇದೆಯಲ್ಲ, ಹುಟ್ಟಿದ ಗಳಿಗೆಯಲ್ಲೇ ಅದಕ್ಕೆ ಈಜುವ ಅರ್ಜೆಂಟು ಏನು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಅವತ್ತು ಗೊತ್ತಾಯಿತು. ಎಲೆ ಬಿಟ್ಟು ಆಚೆ ಬಂದ ಒಂದು ಮರಿಯ ಹಿಂದೆ ಕೊಸರು ನಿಧಾನವಾಗಿ ತಿರುಗಿದಳು. ಬಾಯಿ ತೆರೆದಳು. ಮರಿ ಇಲ್ಲ.

ನಾನು ಕಿರುಚಿದೆ. ಅಲ್ಲಿ ಹಾಲು ಉಕ್ಕಿತು.

ಆಮೇಲಿನ ಅರ್ಧ ಗಂಟೆ ಮನೆಯೆಲ್ಲ ತೊಟ್ಟಿ ಸುತ್ತ. ಮೀನು ಹಿಡಿಯುವ ಬಲೆಯ ಕಣ್ಣು ದೊಡ್ಡದು, ಮರಿ ನುಸುಳಿ ಹೋಗುತ್ತದೆ. ಕೈಗೆ ಸಿಕ್ಕಿದ್ದು ಟೀ ಸೋಸುವ ಜಾಲರಿ. ಅದರಲ್ಲಿ ಒಂದೊಂದಾಗಿ ಹಿಡಿದು ಹಿಟ್ಟಿನ ಹಳೇ ಡಬ್ಬಕ್ಕೆ ಬಿಟ್ಟೆವು. ಡಬ್ಬಕ್ಕೆ ತೊಟ್ಟಿಯದೇ ನೀರು. ಹನ್ನೊಂದು ಸಿಕ್ಕವು. ನಮ್ಮವರು ಎದ್ದು ಬಂದು ಎಲ್ಲ ನೋಡಿ, "ಈಗ ಟೀ ಯಾವುದರಲ್ಲಿ ಸೋಸ್ತೀಯ?" ಅಂದರು. ಅವರಿಗೆ ಹೊಳೆದ ಪ್ರಶ್ನೆ ಅದೊಂದೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇಲ್ಲಿ ಹೆತ್ತವಳಿಗೆ ಮರಿಯೇ ತಿಂಡಿ. ಮಗಳಿಗೆ ಕೊಸರಿನ ಮೇಲೆ ಎಂಥಾ ಸಿಟ್ಟು ಬಂತೆಂದರೆ ಎರಡು ದಿನ ಅವಳ ಕಡೆ ನೋಡಲೇ ಇಲ್ಲ. ಅವಳ ಪರ ನಿಂತವರು ಅತ್ತೆ ಒಬ್ಬರೇ. "ರಾತ್ರಿಯೆಲ್ಲ ಹೆತ್ತಿದ್ದಾಳೆ. ಒಬ್ಬರಾದರೂ ಎದ್ದು ಒಂದು ತುತ್ತು ಹಾಕಿದಿರಾ? ನನಗೆ ಹೆರಿಗೆ ಆದಾಗ ನಮ್ಮಮ್ಮ ಮೆಣಸಿನ ಸಾರು, ಕೊಬ್ಬರಿ ಬೆಲ್ಲ ಅಂತ ನಿಂತಲ್ಲಿ ನಿಲ್ಲಲಿಲ್ಲ" ಅಂದರು. ನಿಜ ಹೇಳಬೇಕೆಂದರೆ ಗಪ್ಪಿಗೆ ತಾಯಿ ಮಗು ಅನ್ನೋ ಲೆಕ್ಕವೇ ಇಲ್ಲ. ಅದು ಮೊಟ್ಟೆ ಇಟ್ಟು ಕಾಯುವ ಜಾತಿಯಲ್ಲ. ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿ ಈಜಿಕೊಂಡೇ ಹೊರಗೆ ಬರುತ್ತದೆ. ಬಂದ ಮೇಲೆ ಅದು ಸಣ್ಣಗೆ ಮಿಸುಕುವ ಒಂದು ವಸ್ತು. ಸಣ್ಣಗೆ ಮಿಸುಕುವುದೆಲ್ಲ ಊಟ. ಈ ಹಸಿವಿಗೋಸ್ಕರವೇ ನೂರು ವರ್ಷಕ್ಕೂ ಹಿಂದೆ ಇದನ್ನು ನಮ್ಮ ದೇಶಕ್ಕೆ ತಂದದ್ದು, ಸೊಳ್ಳೆ ಮರಿ ತಿನ್ನಲಿ ಅಂತ. ಕೋಲಾರದ ಕಡೆ ಹಳ್ಳಿಗಳ ಬಾವಿಗಳಿಗೆ ಮಲೇರಿಯಾ ತಡೆಯಲು ಗಪ್ಪಿ ಬಿಟ್ಟಿದ್ದರು.

ಹೆಸರಿನ ಕತೆ ನಮ್ಮವರು ಮೊಬೈಲಿನಲ್ಲಿ ಹುಡುಕಿ ಊಟದ ಹೊತ್ತಿಗೆ ಓದಿ ಹೇಳಿದರು. ಟ್ರಿನಿಡಾಡ್ ದ್ವೀಪದಲ್ಲಿ ರಾಬರ್ಟ್ ಗಪ್ಪಿ ಅಂತ ಒಬ್ಬರು ಈ ಮೀನು ಹಿಡಿದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕಳಿಸಿದರು. 1866ರಲ್ಲಿ ಅಲ್ಲಿನವರು ಹೊಸ ಮೀನು ಅಂತ ಅವರ ಹೆಸರನ್ನೇ ಇಟ್ಟರು. ಆದರೆ 1859ರಲ್ಲೇ ಜರ್ಮನಿಯ ಪೀಟರ್ಸ್ ಅನ್ನುವವರು ವೆನೆಜುವೆಲಾದಿಂದ ಬಂದ ಇದೇ ಮೀನಿಗೆ ಬೇರೆ ಹೆಸರು ಕೊಟ್ಟಾಗಿತ್ತು. ಪುಸ್ತಕದಲ್ಲಿ ಪೀಟರ್ಸ್ ಗೆದ್ದರು, ಮೀನಿನ ಅಂಗಡಿಯಲ್ಲಿ ಗಪ್ಪಿ. ಹಾಗೇ ಉತ್ಸಾಹದಲ್ಲಿ ಮುಂದಿನ ಸಾಲನ್ನೂ ಓದಿದರು. ಹೆಣ್ಣು ಗಪ್ಪಿಗೆ ಒಂದು ಸಲ ಗಂಡಿನ ಸಹವಾಸ ಆದರೆ ಸಾಕಂತೆ, ಅದನ್ನೇ ಒಳಗೆ ಕಾಪಿಟ್ಟುಕೊಂಡು ತಿಂಗಳುಗಟ್ಟಲೆ ಒಂದಾದ ಮೇಲೊಂದು ಸೂಲು... ಅಷ್ಟರಲ್ಲಿ ಅವರಿಗೇ ಮುಜುಗರವಾಗಿ ದನಿ ಇಳಿಯಿತು. "ಮಗು ಮುಂದೆ ಇದೆಲ್ಲ ಓದಬೇಡ್ವೋ, ಸಾರು ಬಡಿಸ್ಕೋ" ಅಂದರು ಅತ್ತೆ.

ಮರಿ ಸಾಕುವುದು ಸುಲಭ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಸಾಸಿವೆಯಷ್ಟು ತಗೊಂಡು, ನೀರಲ್ಲಿ ಕದಡಿ, ಎರಡು ಹನಿ ಹಾಕಿ. ಬರೆಯುವವರಿಗೇನು. ನಮ್ಮ ಅಡುಗೆಮನೆಗೆ ಇವತ್ತಿನವರೆಗೆ ಮೊಟ್ಟೆ ಬಂದಿಲ್ಲ. ಅತ್ತೆ ದಿನವೆಲ್ಲ ಯೋಚನೆ ಮಾಡಿ ಸಂಜೆಗೆ ತೀರ್ಪು ಕೊಟ್ಟರು: ಮಗುವಿನ ಊಟಕ್ಕೆ ದೋಷವಿಲ್ಲ, ಆದರೆ ಒಲೆ ಮೇಲೆ ಬೇಡ. ಬಾಲ್ಕನಿಯಲ್ಲಿ, ಒಗೆಯುವ ಮಿಷಿನ್ ಪಕ್ಕ, ಹಳೇ ಕರೆಂಟ್ ಕೆಟಲ್‌ನಲ್ಲಿ ಮೊಟ್ಟೆ ಬೆಂದಿತು. ನಮ್ಮವರು ಕಾವಲು ನಿಂತರು. ಮೇಲಿನ ಮನೆ ಆಂಟಿ ಬಟ್ಟೆ ಹರವುತ್ತಾ ಇಣುಕಿ ನೋಡಿ, ಏನೂ ಕೇಳದೆ ಒಳಗೆ ಹೋದರು. ಕೇಳಿದ್ದರೆ ಚೆನ್ನಾಗಿತ್ತು.

ಸಾಸಿವೆಯಷ್ಟು ಅಂದರೆ ಸಾಸಿವೆಯಷ್ಟೇ ಅಂತ ನನಗೆ ಅರ್ಥವಾಗಲಿಲ್ಲ. ಇಷ್ಟು ಸಾಕಾ ಮಕ್ಕಳಿಗೆ ಅಂತ ಇನ್ನೊಂದು ಚೂರು, ಮಲಗುವ ಮುಂಚೆ ಮತ್ತೊಂದು ಚೂರು. ಬೆಳಗ್ಗೆ ಡಬ್ಬದ ನೀರು ಗಂಜಿಯಾಗಿತ್ತು. ತಿನ್ನದೆ ಉಳಿದ ಹಳದಿ ರಾತ್ರಿಯಲ್ಲೇ ಕೊಳೆತು ವಾಸನೆ. ಮೂರು ಮರಿ ತಳದಲ್ಲಿ ಬಿಳಿ ದಾರದ ತುಂಡಿನ ಹಾಗೆ ಬಿದ್ದಿದ್ದವು. ಕೊಸರನ್ನು ರಾಕ್ಷಸಿ ಅಂದವಳು ನಾನು. ಅವಳು ನನ್ನ ಕಣ್ಣೆದುರು ತಿಂದದ್ದು ಒಂದು. ಮಗಳು ಮೂರನ್ನೂ ದಾಸವಾಳದ ಕುಂಡದಲ್ಲಿ ಹೂತಳು. ನನಗೆ ಏನೂ ಹೇಳಲಿಲ್ಲ.

ಉಳಿದದ್ದು ಎಂಟು. ಆ ಎಂಟಕ್ಕೆ ಮನೆಯ ದಿನಚರಿಯೇ ಬದಲಾಯಿತು. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಹಿಂದಿನ ದಿನವೇ ಒಂದು ಬಕೆಟ್ ತುಂಬಿ ಬಚ್ಚಲಲ್ಲಿ ಇಡುತ್ತಿದ್ದೆ. ನಮ್ಮವರು ಎರಡು ಸಲ ಅದರಲ್ಲೇ ಸ್ನಾನ ಮಾಡಿ ಬಂದರು. ಮೂರನೇ ಸಲಕ್ಕೆ ಮಗಳು "ಮಕ್ಕಳ ನೀರು" ಅಂತ ಚೀಟಿ ಅಂಟಿಸಿದಳು. ಕೊಳೆ ಎಳೆಯುವ ಪೈಪಿನ ಬಾಯಿಗೆ ಅತ್ತೆಯ ಹಳೇ ವಾಯಿಲ್ ಸೀರೆಯ ತುಂಡು ಕಟ್ಟಿದೆವು, ಮರಿ ಒಳಗೆ ಹೋಗದಿರಲಿ ಅಂತ. ಮೊಟ್ಟೆ ನಿಂತಿತು. ದೊಡ್ಡ ಮೀನಿನ ಆಹಾರವನ್ನೇ ಬೆರಳಲ್ಲಿ ತಿಕ್ಕಿ ರಂಗೋಲಿ ಪುಡಿಯಷ್ಟು ನಯ ಮಾಡಿ, ದಿನಕ್ಕೆ ಮೂರು ಸಲ. ಬೆಳಗ್ಗೆ ಎದ್ದ ತಕ್ಷಣ ಎಣಿಕೆ. ಎಂಟು ಬರುವ ತನಕ ಯಾರಿಗೂ ಕಾಫಿ ಇಲ್ಲ. ಮರಿ ಎಣಿಸಿದವರಿಗೇ ಗೊತ್ತು ಆ ಕಷ್ಟ. ಆರಾಗುತ್ತದೆ, ಒಂಬತ್ತಾಗುತ್ತದೆ, ಎಂಟು ಮಾತ್ರ ಆಗುವುದಿಲ್ಲ.

ರಾತ್ರಿ ಅತ್ತೆ ಮೊಮ್ಮಗಳಿಗೆ ಮತ್ಸ್ಯಾವತಾರದ ಕತೆ ಹೇಳಿದರು. ಮನುವಿನ ಬೊಗಸೆಗೆ ಪುಟ್ಟ ಮೀನೊಂದು ಬಂದು, ದೊಡ್ಡ ಮೀನು ನನ್ನನ್ನು ತಿನ್ನುತ್ತೆ ಕಾಪಾಡು ಅಂತಂತೆ. ಗಡಿಗೆಗೆ ಹಾಕಿದ, ಗಡಿಗೆ ಸಾಲಲಿಲ್ಲ. ಕೊಳಕ್ಕೆ ಬಿಟ್ಟ, ಕೊಳ ಸಾಲಲಿಲ್ಲ. ಕೊನೆಗೆ ಸಮುದ್ರ. ಮಗಳು ಕಣ್ಣು ಬಿಟ್ಟುಕೊಂಡು ಕೇಳಿ, "ಅದು ಮರಿ ಹಾಕ್ಲಿಲ್ವಾ ಅಜ್ಜಿ?" ಅಂದಳು.

ಇಲ್ಲಿ ಹಾಕಿತು. ಇಪ್ಪತ್ತೆಂಟನೇ ದಿನ. ಅತ್ತೆ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟಿದ್ದರು, ಒಂದು ದಿನ ಹೆಚ್ಚುಕಮ್ಮಿ ಆಗಲಿಲ್ಲ. ಈ ಸಲ ಮೂವತ್ತರ ಮೇಲೆ. ಅದರ ಮುಂದಿನ ತಿಂಗಳು ಎಣಿಸುವುದನ್ನೇ ಬಿಟ್ಟೆವು. ಅಷ್ಟರಲ್ಲಿ ಮೊದಲ ಎಂಟಕ್ಕೂ ವಯಸ್ಸು ಬಂದಿತ್ತು. ಐದರ ಬಾಲದಲ್ಲಿ ಮೊದಲು ಕುಂಕುಮದ ಕಲೆಯಷ್ಟು, ಆಮೇಲೆ ದಿನಕ್ಕೊಂದು ಚೂರು ಬಣ್ಣ ಏರುತ್ತಾ ಹೋಯಿತು. ಮೂರು ಬೂದಾಗಿಯೇ ಉಳಿದವು. ಅವುಗಳ ಹೊಟ್ಟೆಯ ಹಿಂದೆಯೂ ಮಚ್ಚೆ.

ಮೊದಲ ಮರಿಗೆ ಕಿರುಚಿದವಳು ಈಗ ಮರಿ ಕಂಡರೆ ನಿಟ್ಟುಸಿರು ಬಿಡುವ ಹಾಗಾದೆ. ಹಿತ್ತಿಲಲ್ಲಿ ನುಗ್ಗೆ ಬಿಟ್ಟವರು ಕಾಲದಲ್ಲಿ ಹೇಗೆ ಮನೆ ಮನೆಗೆ ಹೋಗಿ ಕೊಡುತ್ತಾರೋ ಹಾಗೆ ಬೀದಿಯಲ್ಲಿ ಹಂಚಿದೆ. ಒಂದು ವಾರ ಎಲ್ಲರೂ ಖುಷಿಯಿಂದ ತಗೊಂಡರು. ಆಮೇಲೆ ನನ್ನ ಕೈಯಲ್ಲಿ ಕವರು ಕಂಡರೆ ಗೇಟು ಹಾಕಿಕೊಳ್ಳತೊಡಗಿದರು. "ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಬರೋಣ, ವಾಕಿಂಗ್ ಆದ ಹಾಗೂ ಆಯ್ತು" ಅಂದರು ನಮ್ಮವರು. ಅದು ಮಾತ್ರ ಆಗಲ್ಲ ಅಂದೆ. ಎಲ್ಲಿಂದಲೋ ಬಂದ ಮೀನು ಕೆರೆಗೆ ಬಿದ್ದು ಹೀಗೇ ಸಂಸಾರ ಬೆಳೆಸಿದರೆ, ಅಲ್ಲೇ ಹುಟ್ಟಿ ಬೆಳೆದ ಸಣ್ಣ ಮೀನುಗಳು ಎಲ್ಲಿಗೆ ಹೋಗಬೇಕು? ಒಂದೂವರೆ ಅಡಿಯ ತೊಟ್ಟಿಯಲ್ಲೇ ಇವರ ಪ್ರತಾಪ ನೋಡಿದ್ದೆನಲ್ಲ.

ಕೊನೆಗೆ ತಂದ ಅಂಗಡಿಗೇ ಕೊಡೋಣ ಅಂತ ಇಪ್ಪತ್ತನ್ನು ಕವರಿಗೆ ಹಾಕಿಕೊಂಡು ಹೋದೆ. ಅದೇ ಹುಡುಗ. ಕವರನ್ನು ಬೆಳಕಿಗೆ ಹಿಡಿದು, "ಇದಕ್ಕೆಲ್ಲ ರೇಟ್ ಬರಲ್ಲ ಮೇಡಂ, ಒಂದು ಪ್ಯಾಕೆಟ್ ಫುಡ್ ಕೊಡ್ತೀನಿ" ಅಂದ. ಒಪ್ಪಿದೆ. ಅವನ ಹಿಂದೆ ದೊಡ್ಡ ತೊಟ್ಟಿಯಲ್ಲಿ ಒಂದೇ ಒಂದು ಮೀನು, ಮೊಳದುದ್ದ, ಬೆಳ್ಳಿ ತಗಡಿನ ಮೈ, ಮೇಲಕ್ಕೆ ತಿರುಗಿದ ಬಾಯಿ. ಅರೋವಾನ. "ಇದು ಏನು ತಿನ್ನುತ್ತೆ?" ಅಂದೆ ಸುಮ್ನೆ. ಹುಡುಗ ನನ್ನ ಕವರಿನ ಕಡೆ ನೋಡಿ ನಕ್ಕ.

ಇಪ್ಪತ್ತೂ ಆಟೋದಲ್ಲಿ ನನ್ನ ಜೊತೆ ವಾಪಸ್ ಬಂದವು. ಹೋಗೋಕೆ ಎಂಬತ್ತು ರೂಪಾಯಿ, ಬರೋಕೆ ನೂರು.

ಮಳೆಗಾಲ ಶುರುವಾಗಿತ್ತು. ಮನೆ ಮನೆಗೆ ಸೊಳ್ಳೆ ಮರಿ ಹುಡುಕಲು ಬಂದ ಆಶಾ ಕಾರ್ಯಕರ್ತೆ, ಮೇಲಿನ ಮನೆ ಆಂಟಿಯ ತಾವರೆ ತೊಟ್ಟಿಗೆ ಟಾರ್ಚ್ ಬಿಟ್ಟು ಜೋರಾಗಿಯೇ ಬೈದು ಹೋದರು. "ಗಪ್ಪಿ ಬಿಡಿ ಆಂಟಿ, ಇಲ್ಲಾಂದ್ರೆ ಚೆಲ್ಲಿ" ಅಂದದ್ದು ಕೆಳಗೆ ನಮಗೂ ಕೇಳಿಸಿತು. ಸಂಜೆ ಆಂಟಿ ಸ್ಟೀಲ್ ತೂಕು ಹಿಡಿದು ಬಂದರು.

"ಬಣ್ಣದ್ದೇ ಕೊಡಮ್ಮ, ನೋಡೋಕೆ ಚೆನ್ನಾಗಿರಲಿ. ನಾಲ್ಕು ಸಾಕು. ನಿಮ್ಮನೆ ಥರ ಗಲಾಟೆ ಬೇಡ ನನಗೆ."

ನಾಲ್ಕು ಗಂಡು ಹಿಡಿದು ಹಾಕಿದೆ. ಒಂದು ನವಿಲು, ಎರಡು ಕಿತ್ತಳೆ, ಒಂದು ಹಳದಿ. ಆಂಟಿ ಮುಚ್ಚಳ ಹಾಕಲು ಹೋದರು. "ತಡೀರಿ" ಅಂತ ಬಲೆಯನ್ನು ಇನ್ನೊಂದು ಸಲ ಅದ್ದಿ, ಬೂದು ಬಣ್ಣದ್ದೊಂದನ್ನು ಎತ್ತಿ ಒಳಗೆ ಬಿಟ್ಟೆ.

"ಇದೇನಮ್ಮ?"

"ಕೊಸರು" ಅಂದೆ.