ಓಬಿ-ವಾನ್ ಸುಳ್ಳು ಹೇಳಿದ್ದು ನಿಜ, ಅದಕ್ಕೆ ತೇಪೆ ಹಾಕಬೇಡಿ

ಮೊನ್ನೆ ರಾತ್ರಿ ನಮ್ಮ ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ್ತೆ ಅದೇ ಜಗಳ. ಸ್ಟಾರ್ ವಾರ್ಸ್ ಸಿನಿಮಾಗಳ ಓಬಿ-ವಾನ್ ಕೆನೋಬಿ ಲ್ಯೂಕ್‌ಗೆ ಸುಳ್ಳು ಹೇಳಿದನಾ, ಇಲ್ಲವಾ? "2022ರ ಓಬಿ-ವಾನ್ ಸೀರೀಸ್ ಬಂದ ಮೇಲೆ ಎಲ್ಲ ಸರಿಹೋಯ್ತಲ್ಲ, ಇನ್ನೇನು ತಕರಾರು ನಿಂದು" ಅಂತ ಒಬ್ಬ ಕೇಳಿದ. ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಫೋನ್ ಇಟ್ಟು ಮಲಗಿದೆ, ನಿದ್ದೆ ಮಾತ್ರ ಬರಲಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಸ್ಟಾರ್ ವಾರ್ಸ್ ನೋಡದವರಿಗೆ ಎರಡೇ ಮಾತು. 1977ರ ಮೊದಲ ಸಿನಿಮಾದಲ್ಲಿ ಓಬಿ-ವಾನ್ ಮರಳುಗಾಡಿನಲ್ಲಿ ಒಂಟಿಯಾಗಿ ಬದುಕುವ ಮುದುಕ. ನನ್ನ ಅಪ್ಪ ಹೇಗೆ ಸತ್ತ ಅಂತ ಲ್ಯೂಕ್ ಎಂಬ ಹುಡುಗ ಅವನನ್ನು ಕೇಳುತ್ತಾನೆ. ನನ್ನ ಶಿಷ್ಯನಾಗಿದ್ದ ಡಾರ್ತ್ ವೇಡರ್ ಕೆಟ್ಟ ದಾರಿ ಹಿಡಿದು ನಿನ್ನ ಅಪ್ಪನಿಗೆ ದ್ರೋಹ ಮಾಡಿ ಕೊಂದ ಅನ್ನುತ್ತಾನೆ ಮುದುಕ. 1980ರ ಸಿನಿಮಾದಲ್ಲಿ ಆ ವೇಡರೇ ಲ್ಯೂಕ್‌ನ ಅಪ್ಪ ಎಂದು ಗೊತ್ತಾಗುತ್ತದೆ. 1983ರ ಸಿನಿಮಾದಲ್ಲಿ ಲ್ಯೂಕ್ ನೇರವಾಗಿ ಕೇಳಿದಾಗ, ಅಷ್ಟರಲ್ಲಿ ಸತ್ತು ಆತ್ಮವಾಗಿರುವ ಓಬಿ-ವಾನ್, ವೇಡರ್ ಆದಾಗಲೇ ನಿನ್ನ ಅಪ್ಪ ಅನಾಕಿನ್ ಎಂಬ ಒಳ್ಳೆಯ ಮನುಷ್ಯ ಇಲ್ಲವಾದ, ಹಾಗಾಗಿ ಒಂದು ದೃಷ್ಟಿಯಿಂದ ನೋಡಿದರೆ ನಾನು ಹೇಳಿದ್ದು ನಿಜವೇ ಅನ್ನುತ್ತಾನೆ. ಆ ಒಂದು ಮಾತಿನ ಮೇಲೆ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಿದ್ದಾರೆ.

ಅಸಲಿಗೆ 1977ರಲ್ಲಿ ಅದು ಸುಳ್ಳೇ ಆಗಿರಲಿಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಎರಡನೇ ಸಿನಿಮಾಕ್ಕೆ 1978ರಲ್ಲಿ ಲೀ ಬ್ರಾಕೆಟ್ ಬರೆದ ಮೊದಲ ಕರಡಿನಲ್ಲಿ ಲ್ಯೂಕ್‌ನ ಅಪ್ಪನ ಆತ್ಮವೇ ಬಂದು ಮಗನನ್ನು ಮಾತಾಡಿಸುತ್ತದೆ. ವೇಡರ್ ಬೇರೆ, ಅಪ್ಪ ಬೇರೆ. ಬ್ರಾಕೆಟ್ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಆಮೇಲೆ ಸ್ಟಾರ್ ವಾರ್ಸ್ ಸೃಷ್ಟಿಸಿದ ಜಾರ್ಜ್ ಲ್ಯೂಕಸ್ ತಾವೇ ಕೂತು ಬರೆದ ಕರಡಿನಲ್ಲಿ ಇಬ್ಬರೂ ಒಬ್ಬರೇ ಆದರು. ಆ ಗುಟ್ಟನ್ನು ಎಷ್ಟು ಕಾಪಾಡಿದರೆಂದರೆ, ಶೂಟಿಂಗ್‌ನಲ್ಲಿ ವೇಡರ್ ವೇಷದಲ್ಲಿದ್ದ ಡೇವಿಡ್ ಪ್ರೌಸ್‌ಗೆ ಕೊಟ್ಟ ಸಂಭಾಷಣೆಯೇ ಬೇರೆ: ನಿನ್ನ ಅಪ್ಪನನ್ನು ಕೊಂದದ್ದು ಓಬಿ-ವಾನ್ ಅಂತ! ಅಂದರೆ 1976ರಲ್ಲಿ ಕ್ಯಾಮೆರಾ ಮುಂದೆ ಆ ಮಾತಾಡಿದ ಅಲೆಕ್ ಗಿನ್ನೆಸ್ ಕೈಯಲ್ಲಿದ್ದ ಸ್ಕ್ರಿಪ್ಟ್‌ನಲ್ಲಿ ಮುಚ್ಚಿಡಲು ಏನೂ ಇರಲಿಲ್ಲ.

ಇಲ್ಲಿ ನನ್ನ ಕತೆ ಹೇಳಲೇಬೇಕು. ನಾನು ಮೊದಲು ನೋಡಿದ್ದು 1999ರಿಂದ 2005ರವರೆಗೆ ಬಂದ, ಹಿಂದಿನ ಕತೆ ಹೇಳುವ ಮೂರು ಪ್ರೀಕ್ವೆಲ್‌ಗಳನ್ನು. ಹಳೆಯವನ್ನು ನೋಡಿದ್ದು ಆಮೇಲೆ, ಬಾಡಿಗೆ ಸಿಡಿ ತಂದು. ಲ್ಯೂಕ್ ಅಪ್ಪನ ಬಗ್ಗೆ ಕೇಳುವಾಗ ನನಗೆ ಉತ್ತರ ಗೊತ್ತಿತ್ತು. ಲಾವಾದ ದಡದಲ್ಲಿ ಅನಾಕಿನ್‌ನ ಎರಡು ಕಾಲು, ಒಂದು ಕೈ ಕಡಿದು, ಅವನು ಉರಿಯುವುದನ್ನು ನೋಡಿ, ನೆಲದಲ್ಲಿ ಬಿದ್ದಿದ್ದ ಅವನ ಲೈಟ್‌ಸೇಬರ್ ಎತ್ತಿಕೊಂಡು ಹೋದವನು ಇದೇ ಓಬಿ-ವಾನ್. ಈಗ ಅದೇ ಬೆಳಕಿನ ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆದು ಮಗನ ಕೈಗೆ ಕೊಡುತ್ತಾನೆ. ನೀನು ದೊಡ್ಡವನಾದ ಮೇಲೆ ಇದು ನಿನಗೆ ಸೇರಬೇಕು ಅನ್ನೋದು ನಿನ್ನ ಅಪ್ಪನ ಆಸೆ ಅನ್ನುತ್ತಾನೆ. ನಾನು ಆ ಪೂರ್ತಿ ದೃಶ್ಯ ಉಸಿರು ಬಿಗಿಹಿಡಿದು ನೋಡಿದೆ. ಹುಡುಗ ಪ್ರಶ್ನೆ ಕೇಳುತ್ತಾನೆ. ಗಿನ್ನೆಸ್ ಒಂದು ಕ್ಷಣ ತಡೆಯುತ್ತಾರೆ, ಕಣ್ಣು ಹುಡುಗನ ಮುಖದಿಂದ ಆಚೆ ಸರಿಯುತ್ತದೆ. ಆಮೇಲೆ ಮಾತು. ನಟನ ಮನಸ್ಸಿನಲ್ಲಿ ಏನಿತ್ತೋ, ನನಗೆ ಕಂಡದ್ದು ಹತ್ತೊಂಬತ್ತು ವರ್ಷದಿಂದ ಈ ಪ್ರಶ್ನೆಗೆ ಹೆದರುತ್ತಾ ಕೂತಿದ್ದ ಒಬ್ಬ ಮೇಷ್ಟ್ರು.

ಉಳಿದ ತಕರಾರುಗಳ ಬಗ್ಗೆ ನನಗೆ ಅಷ್ಟು ತಲೆಬಿಸಿ ಇಲ್ಲ. ಯೋಡಾ ನನ್ನ ಗುರು ಅಂತ 1980ರಲ್ಲಿ ಹೇಳಿದವನಿಗೆ 1999ರಲ್ಲಿ ಕ್ವಾಯ್-ಗಾನ್ ಎಂಬ ಇನ್ನೊಬ್ಬ ಗುರುವಾದ. 2002ರಲ್ಲಿ ಯೋಡಾ ಚಿಕ್ಕ ಮಕ್ಕಳಿಗೆಲ್ಲ ಪಾಠ ಮಾಡುವುದನ್ನು ತೋರಿಸಿದರು, ಆಯ್ತು. ಪ್ರೀಕ್ವೆಲ್‌ಗಳಲ್ಲಿ ಜೊತೆಗಿದ್ದ ಆರ್‌2-ಡಿ2 ಎಂಬ ಡ್ರಾಯ್ಡ್‌ನ (ರೋಬಾಟ್) ಪರಿಚಯ ಇರುವಂತೆ 1977ರಲ್ಲಿ ಓಬಿ-ವಾನ್ ನಡೆದುಕೊಳ್ಳದೆ, ಡ್ರಾಯ್ಡ್ ಇಟ್ಟುಕೊಂಡ ನೆನಪಿಲ್ಲ ಅಂದದ್ದು? ಅದು ಅವನ ಸ್ವಂತದ್ದಲ್ಲವಲ್ಲ, ಬಿಡಿ. 1983ರ ಸಿನಿಮಾದ ಕಾದಂಬರಿ ರೂಪದಲ್ಲಿ ಲ್ಯೂಕ್‌ನನ್ನು ಸಾಕಿದ ಓವನ್ ಓಬಿ-ವಾನ್‌ನ ಸಹೋದರನಾಗಿದ್ದ, 2002ರಲ್ಲಿ ಆ ಸಂಬಂಧವೇ ಮಾಯ. ಯಾರೂ ಅಳಲಿಲ್ಲ. 2014ರಲ್ಲಂತೂ ಹಳೇ ಕಾದಂಬರಿ, ಕಾಮಿಕ್ಸ್‌ಗಳ ದೊಡ್ಡ ರಾಶಿಯನ್ನೇ 'ಲೆಜೆಂಡ್ಸ್' ಎಂಬ ಹೆಸರಿಟ್ಟು ಕ್ಯಾನನ್‌ನಿಂದ, ಅಂದರೆ ಅಧಿಕೃತ ಕತೆಯಿಂದ, ಆಚೆ ಇಟ್ಟರು. ಅದೂ ಅರಗಿತು.

ಆದರೆ ಈ ಸುಳ್ಳಿನ ಮೇಲೆ ಯಾರೂ ಕೈ ಹಾಕಬಾರದಿತ್ತು.

2022ರ ಸೀರೀಸಿನ ಕೊನೆಯಲ್ಲಿ ವೇಡರ್‌ನ ಮುಖವಾಡ ಒಡೆದು ಅರ್ಧ ಮುಖ ಕಾಣುತ್ತದೆ. ಅನಾಕಿನ್‌ನನ್ನು ಕೊಂದದ್ದು ನೀನಲ್ಲ, ನಾನು ಅಂತ ಓಬಿ-ವಾನ್‌ಗೆ ಹೇಳುತ್ತಾನೆ. ಓಬಿ-ವಾನ್ ಪಾತ್ರದ ಯೂವನ್ ಮೆಕ್‌ಗ್ರೆಗರ್ ಅಳುವುದನ್ನು ನೋಡಿ ನನಗೂ ಕಣ್ಣು ತುಂಬಿತು, ಸುಳ್ಳು ಹೇಳಲ್ಲ. ದೃಶ್ಯ ಚೆನ್ನಾಗಿದೆ. ಆದರೆ ಅದರಿಂದ ಏನಾಯಿತು ನೋಡಿ. ಒಂಬತ್ತು ವರ್ಷದ ನಂತರ ಲ್ಯೂಕ್‌ಗೆ ಓಬಿ-ವಾನ್ ಹೇಳುವುದು ಈಗ ವೇಡರ್ ತಾನೇ ಒಪ್ಪಿಕೊಂಡ ಮಾತು. ಓಬಿ-ವಾನ್ ತಲೆಯ ಮೇಲಿದ್ದ ಭಾರವನ್ನು ಸುಮ್ನೆ ಇಳಿಸಿಬಿಟ್ಟರು. ಕಂಟಿನ್ಯುಟಿ ಸರಿಯಾಯಿತು, ಮನುಷ್ಯ ಚಿಕ್ಕವನಾದ.

ನಮ್ಮ ಗುಂಪಿನಲ್ಲಿ ಪ್ರತಿ ಸಲ ಯಾರಾದರೂ "ಅಶ್ವತ್ಥಾಮ ಹತಃ ಕುಂಜರಃ" ಅಂತ ಎತ್ತೇ ಎತ್ತುತ್ತಾರೆ. ಧರ್ಮರಾಯನೇ ಅರ್ಧ ಸತ್ಯ ಹೇಳಿದ್ದಾನೆ, ಇವನದ್ದೇನು ಮಹಾ ಅಂತ. ನನಗೆ ಆ ಹೋಲಿಕೆ ಉಲ್ಟಾ ಕಾಣುತ್ತದೆ. ಅಲ್ಲಿ ಶಿಷ್ಯ ಗುರುವಿಗೆ ಅರ್ಧ ಸತ್ಯ ಹೇಳಿದ್ದು, ಗುರು ಆಯುಧ ಕೆಳಗಿಡಲಿ ಅಂತ. ಇಲ್ಲಿ ಗುರು ಹುಡುಗನಿಗೆ ಹೇಳುತ್ತಿರುವುದು, ಅವನು ಆಯುಧ ಹಿಡಿಯಲಿ ಅಂತ. ಅದೂ ಯಾರ ಮೇಲೆ? ಸ್ವಂತ ಅಪ್ಪನ ಮೇಲೆ. 1983ರಲ್ಲಿ, ನನ್ನ ಅಪ್ಪನನ್ನು ನಾನು ಕೊಲ್ಲಲಾರೆ ಅಂತ ಲ್ಯೂಕ್ ಹೇಳಿದರೂ ಓಬಿ-ವಾನ್ ಮೆತ್ತಗಾಗುವುದಿಲ್ಲ, ಹಾಗಾದರೆ ವೇಡರ್‌ನ ಒಡೆಯ ಚಕ್ರವರ್ತಿ ಈಗಲೇ ಗೆದ್ದಂತೆ ಅನ್ನುತ್ತಾನೆ.

ಅದೇ ಮಾತುಕತೆಯಲ್ಲಿ ಇನ್ನೊಂದು ಮಾತಿದೆ. ವಾದ ಮಾಡುವವರು ಅದನ್ನು ನೆನಪಿಡುವುದೇ ಇಲ್ಲ. ಯೋಡಾನಷ್ಟೇ ಚೆನ್ನಾಗಿ ನಾನೂ ಅನಾಕಿನ್‌ಗೆ ಕಲಿಸಬಲ್ಲೆ ಅಂದುಕೊಂಡಿದ್ದೆ, ಅದು ತಪ್ಪಾಯಿತು ಅನ್ನುತ್ತಾನೆ ಓಬಿ-ವಾನ್. ಮೊದಲು ಜಾಣತನದ ಸಮರ್ಥನೆ, ಹಿಂದೆಯೇ ಬರಿಗೈಯ ತಪ್ಪೊಪ್ಪಿಗೆ. ನಿಜವಾದ ದೊಡ್ಡವರು ಹೀಗೇ ಅಲ್ವಾ ಮಾತಾಡುವುದು? ತಪ್ಪು ಮಾಡದ ಗುರುವಾಗಿದ್ದರೆ ಲ್ಯೂಕ್ ಅವನ ಮಾತು ಮೀರಿ, ಕತ್ತಿ ಎಸೆದು, ಅಪ್ಪನಲ್ಲಿ ಇನ್ನೂ ಒಳ್ಳೆಯತನ ಇದೆ ಅಂತ ನಿಲ್ಲುವುದಕ್ಕೆ ಏನು ಬೆಲೆ?

ನಿನ್ನೆ ಆ ಗುಡಿಸಲಿನ ದೃಶ್ಯ ಮತ್ತೆ ಹಾಕಿ ನೋಡಿದೆ, ಮೂರು ಸಲ. ಸೀರೀಸ್ ಅಪ್ಪನ ಸಾವಿನ ಮಾತಿಗೆ ತೇಪೆ ಹಾಕಿತು. ಇದು ನಿನಗೆ ಸೇರಬೇಕು ಅನ್ನೋದು ನಿನ್ನ ಅಪ್ಪನ ಆಸೆ ಅಂದನಲ್ಲ, ಆ ಮಾತು ಹಾಗೇ ಉಳಿದಿದೆ. ಪ್ರಶ್ನೆ ಬರುತ್ತದೆ, ಮುದುಕ ಆಚೆ ನೋಡುತ್ತಾನೆ. ಹುಡುಗನ ಕೈಯಲ್ಲಿ ಲಾವಾದ ದಡದಿಂದ ಬಂದ ಅದೇ ಕತ್ತಿ.