ಒಂದು ಗಂಟೆಯ ನಾಟಕಕ್ಕೂ ತೂಕ ಇದೆ

ಚಿಕ್ಕ ನಾಟಕಗಳ ಬಗ್ಗೆ ನೀವು ಪ್ರಕಟಿಸಿದ ಲೇಖನ ಇಷ್ಟವಾಯಿತು. ಆದರೆ ಅದರಲ್ಲಿನ 'ಚಿಕ್ಕ ನಾಟಕದಲ್ಲಿ ಪಾತ್ರ ಬೆಳೆಯಲು ಜಾಗವೇ ಇರುವುದಿಲ್ಲ' ಎಂಬ ಮಾತನ್ನು ಒಪ್ಪಲು ಆಗುತ್ತಿಲ್ಲ. ಗಿರೀಶ ಕಾರ್ನಾಡರ 'ಒಡಕಲು ಬಿಂಬ'ವನ್ನೇ ತಗೊಳ್ಳಿ. ಹೆಚ್ಚುಕಡಿಮೆ ಒಂದು ಗಂಟೆ, ರಂಗದ ಮೇಲೆ ಒಬ್ಬರೇ ನಟಿ, ಒಂದು ಟಿವಿ ಸ್ಟುಡಿಯೋ. ಅಷ್ಟೇ.

ಕನ್ನಡದ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ದೊಡ್ಡ ಹೆಸರು ಮಾಡಿರುತ್ತಾಳೆ. ಟಿವಿಯಲ್ಲಿ ಮಾತಾಡಿ ಮುಗಿಸಿ ಎದ್ದು ಹೊರಡಬೇಕು, ಅಷ್ಟರಲ್ಲಿ ಪರದೆ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಮೊದಮೊದಲು ಸುಮ್ನೆ ಹರಟೆ. ಆಮೇಲೆ ಗಾಲಿಕುರ್ಚಿಯಲ್ಲೇ ಬದುಕು ಕಳೆದ ತಂಗಿ ಮಾಲಿನಿಯ ವಿಷಯ, ಗಂಡನ ವಿಷಯ. ಕೊನೆಗೆ ಆ ಕಾದಂಬರಿ ನಿಜಕ್ಕೂ ಯಾರದು ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಒಂದೊಂದು ಪ್ರಶ್ನೆಗೂ ಅವಳ ಒಂದೊಂದು ಸುಳ್ಳು ಕಳಚುತ್ತದೆ. ಪಾತ್ರ ಬೆಳೆಯುವುದು ಅಂದರೆ ಇದೇ ಅಲ್ವಾ?

ಕನ್ನಡದಲ್ಲಿ ಇದನ್ನು ಅರುಂಧತಿ ನಾಗ್ ಮಾಡಿದ್ದಾರೆ. ಬಿಂಬದ ಮಾತೆಲ್ಲ ಮೊದಲೇ ಚಿತ್ರೀಕರಿಸಿದ್ದು. ಅದು ನಟಿಗಾಗಿ ಕಾಯುವುದಿಲ್ಲ. ಒಂದು ಮಾತು ತಡವಾದರೆ, ಒಂದು ಮೌನ ಜಾಸ್ತಿಯಾದರೆ ಇಡೀ ಸಂಭಾಷಣೆ ಹಳಿ ತಪ್ಪುತ್ತದೆ. ನಗು, ಸಿಟ್ಟು, ತಡವರಿಕೆ ಎಲ್ಲವೂ ಅದೇ ಅಳತೆಯಲ್ಲಿ ಬರಬೇಕು, ಆದರೂ ಆಗಷ್ಟೇ ಹುಟ್ಟಿದ ಮಾತಿನಂತೆ ಕೇಳಿಸಬೇಕು. ಎಷ್ಟು ಕಷ್ಟದ ಕೆಲಸ!

ನಾಟಕ ನೋಡಲು ಸಿಗದಿದ್ದರೆ ಪುಸ್ತಕ ಓದಿ. ಮಂಜುಳೆಯ ಮಾತು ಒಬ್ಬರು, ಬಿಂಬದ ಮಾತು ಇನ್ನೊಬ್ಬರು, ಇಬ್ಬರೂ ಕೂತು ಗಟ್ಟಿಯಾಗಿ ಓದಿದರೆ ಇನ್ನೂ ಚೆಂದ.